ಎಲ್ಬರ್ಟನ್‌ನ ಕಲ್ಲು ಬಿದ್ದದ್ದಕ್ಕೆ ಚಪ್ಪಾಳೆ ಏಕೆ?

2022ರ ಜುಲೈ 6ರ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಎಲ್ಬರ್ಟನ್ ಊರಿನ ಹೊರಗೆ, ಯಾರೋ ಬಾಂಬಿಟ್ಟು ‘ಜಾರ್ಜಿಯಾ ಗೈಡ್‌ಸ್ಟೋನ್ಸ್’ ಎಂಬ ಸ್ಮಾರಕವನ್ನು ಸಿಡಿಸಿದರು. ಪೊಲೀಸರು ಬಿಡುಗಡೆ ಮಾಡಿದ ದೃಶ್ಯದಲ್ಲಿ ಕತ್ತಲೊಳಗೆ ಒಂದು ಬೆಳಕು ಫಕ್ಕನೆ ಹೊತ್ತಿ, ಧೂಳೆದ್ದು, ಚಪ್ಪಡಿ ಕುಸಿಯುತ್ತದೆ. ಇನ್ನೊಂದು ತುಣುಕಿನಲ್ಲಿ ಕಾರೊಂದು ಅಲ್ಲಿಂದ ಹೊರಟುಹೋಗುತ್ತದೆ. ಅಷ್ಟೇ. ಬೆಳಗಾಗುತ್ತಲೇ ಕೇಳಿಬಂದದ್ದು ಜಯಘೋಷ. ಸೈತಾನನ ಕಲ್ಲು ಬಿತ್ತು, ದೇವರೇ ಬೀಳಿಸಿದ ಎಂದು ಜನ ಹಿಗ್ಗಿದರು.

ಆ ಕಲ್ಲಿನ ಮೇಲಿದ್ದ ಮಾತುಗಳನ್ನು ನಾನು ಸಮರ್ಥಿಸುವುದಿಲ್ಲ. ಹತ್ತೊಂಬತ್ತು ಅಡಿ ಎತ್ತರದ ಆ ಗ್ರಾನೈಟ್ ಸ್ಮಾರಕದ ಚಪ್ಪಡಿಗಳಲ್ಲಿ ಹತ್ತು ಸೂತ್ರಗಳನ್ನು ಎಂಟು ಭಾಷೆಗಳಲ್ಲಿ ಕೆತ್ತಿಸಲಾಗಿತ್ತು. ಮೊದಲನೆಯದೇ ಮನುಕುಲವನ್ನು 50 ಕೋಟಿಯೊಳಗೆ ಇಟ್ಟುಕೊಳ್ಳಿ ಎನ್ನುವುದು. ಸ್ಮಾರಕ ಅನಾವರಣಗೊಂಡ 1980ರಲ್ಲಿ ಭೂಮಿಯ ಮೇಲೆ 400 ಕೋಟಿಗೂ ಹೆಚ್ಚು ಜನರಿದ್ದರು. ಉಳಿದವರು ಎಲ್ಲಿಗೆ ಹೋಗಬೇಕು? ಎರಡನೆಯ ಸೂತ್ರ ಸಂತಾನೋತ್ಪತ್ತಿಗೆ ವಿವೇಕದ ದಾರಿ ತೋರಿಸಿ ಮನುಷ್ಯರ ‘ಯೋಗ್ಯತೆ’ ಹೆಚ್ಚಿಸಲು ಹೇಳುತ್ತಿತ್ತು. ಇದೇ ಜಾರ್ಜಿಯಾದಲ್ಲಿ 1937ರ ಕಾನೂನಿನ ಬಲದಿಂದ ಮೂರು ಸಾವಿರಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಮಾಡಲಾಗಿತ್ತು. ಯಾರು ಹುಟ್ಟಬೇಕು, ಯಾರು ಹುಟ್ಟಬಾರದು ಎಂದು ಮೇಲೆ ಕೂತವರು ತೀರ್ಮಾನಿಸಿದರೆ ಕತ್ತಿ ಬೀಳುವುದು ಬಡವರ ಮೈಮೇಲೆಯೇ.

ಸ್ಫೋಟದಿಂದ ಮೊದಲು ಉರುಳಿದ್ದು ಒಂದು ಮಗ್ಗುಲಿಗೆ ಹಿಂದಿ, ಇನ್ನೊಂದು ಮಗ್ಗುಲಿಗೆ ಸ್ವಾಹಿಲಿ ಕೆತ್ತಿದ್ದ ಚಪ್ಪಡಿ. ತುರ್ತು ಪರಿಸ್ಥಿತಿಯ ಕಾಲಕ್ಕೆ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳನ್ನು ಕಂಡ ದೇಶ ನಮ್ಮದು. ಅದರಲ್ಲಿ ಬಲವಂತಕ್ಕೆ ಸಿಕ್ಕಿ ನರಳಿದವರಿಗೆ ಲೆಕ್ಕವಿಲ್ಲ. ಅದು ಮುಗಿದು ಮೂರೇ ವರ್ಷಕ್ಕೆ, ಸಾಗರದಾಚೆ ಹೆಸರು ಹೇಳದ ಯಾರೋ ಹಿಂದಿಯಲ್ಲಿ ನಮಗೆ ಜನಸಂಖ್ಯೆಯ ಪಾಠ ಕೆತ್ತಿಸಿ ನಿಲ್ಲಿಸಿದರು. ಅದನ್ನು ಓದಿ ಉತ್ತರ ಕೊಡುವ ಹಕ್ಕು ಯಾರಿಗಾದರೂ ಇದ್ದರೆ ಅದು ನಮ್ಮವರಿಗಿತ್ತು. ಆ ಹಕ್ಕನ್ನೇ ಬಾಂಬು ಕಿತ್ತುಕೊಂಡಿತು.

ಕಟ್ಟಿಸಿದವನ ಕಥೆಯೂ ಬಾಂಬಿಟ್ಟವನ ಕಥೆಯಂಥದೇ. 1979ರಲ್ಲಿ ಊರಿನ ಗ್ರಾನೈಟ್ ಕಂಪನಿಗೆ ಬಂದು ಕೆಲಸ ಒಪ್ಪಿಸಿದಾತ ಆರ್. ಸಿ. ಕ್ರಿಶ್ಚಿಯನ್ ಎಂದು ಹೇಳಿಕೊಂಡ; ಅದು ಸುಳ್ಳು ಹೆಸರು. ಲೋಕಕ್ಕೆಲ್ಲ ಬುದ್ಧಿ ಹೇಳಹೊರಟವನು ತನ್ನ ಮಾತಿಗೆ ತಾನೇ ಜವಾಬು ಕೊಡಲು ಎದುರು ನಿಲ್ಲಲಿಲ್ಲ. ಕೆಡವಿದವನೂ ನಿಲ್ಲಲಿಲ್ಲ. ಇಬ್ಬರೂ ಊರಿನವರನ್ನು ಒಂದು ಮಾತೂ ಕೇಳಲಿಲ್ಲ.

2022ರಲ್ಲಿ ಜಾರ್ಜಿಯಾದ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಟಿಕೆಟ್ ಬಯಸಿ ಸೋತಿದ್ದ ಕ್ಯಾಂಡಿಸ್ ಟೇಲರ್, ಸ್ಮಾರಕವನ್ನು ತೆಗೆಸುತ್ತೇನೆಂದು ಪ್ರಚಾರದಲ್ಲಿ ಭರವಸೆ ಕೊಟ್ಟಿದ್ದರು. ಚುನಾವಣೆಗೆ ನಿಂತು ಹಾಗೆ ಕೇಳುವುದು ಅವರ ಹಕ್ಕು. ಕಲ್ಲು ಬಿದ್ದ ದಿನ ಮಾತ್ರ ದೇವರು ಏನು ಬೇಕಾದರೂ ಮಾಡಬಲ್ಲ, ಸೈತಾನನ ಕಲ್ಲನ್ನು ಉರುಳಿಸುವುದೂ ಅದರಲ್ಲಿ ಸೇರಿದೆ ಎಂಬರ್ಥದ ಮಾತಾಡಿದರು. ಕಾನೂನು ಮುರಿದವರನ್ನು ಬಂಧಿಸಬೇಕೆಂದೂ ಅವರು ಹೇಳಿದ್ದುಂಟು. ಆದರೆ ಬಾಂಬಿಟ್ಟ ಕೈಯನ್ನು ದೇವರ ಕೈ ಎಂದಮೇಲೆ ಆ ಎರಡನೆಯ ಮಾತಿಗೆ ಬೆಲೆ ಎಲ್ಲಿ ಉಳಿಯಿತು? ನಾಳೆ ಇನ್ನೊಬ್ಬ ತನಗಾಗದ ಮಸೀದಿಗೋ ಚರ್ಚಿಗೋ ಗ್ರಂಥಾಲಯಕ್ಕೋ ಮದ್ದಿಟ್ಟು ಇದೇ ಮಾತನ್ನು ತಿರುಗಿಸಿ ಹೇಳಿದರೆ ಇವರು ಯಾವ ಬಾಯಿಂದ ಖಂಡಿಸುತ್ತಾರೆ?

ಇಂಗ್ಲೆಂಡಿನ ಬ್ರಿಸ್ಟಲ್ ನೆನಪಿಸಿಕೊಳ್ಳಿ. 2020ರ ಜೂನ್ 7ರಂದು ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್ಸ್‌ಟನ್ ಪ್ರತಿಮೆಯನ್ನು ಜನ ಹಗಲು ಹೊತ್ತಿನಲ್ಲೇ ಹಗ್ಗ ಹಾಕಿ ಎಳೆದು ಬಂದರಿನ ನೀರಿಗೆ ನೂಕಿದರು. ನಾಲ್ವರ ಮೇಲೆ ಕೇಸು ನಡೆಯಿತು. ಏಕೆ ಕೆಡವಿದೆವು ಎಂದು ಅವರು ಜ್ಯೂರಿಯ ಮುಂದೆ ಹೇಳಿಕೊಂಡರು. 2022ರ ಜನವರಿಯಲ್ಲಿ ಖುಲಾಸೆಯಾದರು. ನೀರಿನಿಂದ ಎತ್ತಿದ ಪ್ರತಿಮೆಯನ್ನು ಮೆತ್ತಿದ ಬಣ್ಣದ ಸಮೇತ ಮ್ಯೂಸಿಯಂನಲ್ಲಿ ಮಲಗಿಸಿ ಜನರಿಗೆ ತೋರಿಸಿದರು. ಅಮೆರಿಕದ ರಿಚ್‌ಮಂಡ್‌ನಲ್ಲಿ, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಿದ್ದ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಪ್ರತಿಮೆ ಇಳಿದದ್ದು 2021ರಲ್ಲಿ, ವರ್ಜೀನಿಯಾದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಬ್ರಿಸ್ಟಲ್‌ನ ದಾರಿಯನ್ನು ಎಲ್ಲರೂ ಒಪ್ಪಬೇಕಿಲ್ಲ. ಆದರೆ ಅಲ್ಲಿ ಮನುಷ್ಯರು ಮುಖ ತೋರಿಸಿ ತಮ್ಮ ಕೃತ್ಯಕ್ಕೆ ಕಾರಣ ಕೊಟ್ಟರು. ಎಲ್ಬರ್ಟನ್‌ನ ಬಾಂಬಿನ ಕೇಸಿನಲ್ಲಿ ಯಾರೂ ಕಟಕಟೆ ಹತ್ತಿಲ್ಲ.

ಹಾಗೆಂದು ಚಪ್ಪಾಳೆ ತಟ್ಟಿದವರನ್ನಷ್ಟೇ ದೂರಿದರೆ ಸಾಲದು. ಅಂದು ಸಂಜೆಯೊಳಗೆ ಅಧಿಕಾರಿಗಳು ಸುರಕ್ಷತೆಯ ಹೆಸರಿನಲ್ಲಿ ಜೆಸಿಬಿ ತರಿಸಿ, ಇನ್ನೂ ನಿಂತಿದ್ದ ಚಪ್ಪಡಿಗಳನ್ನೂ ನೆಲಸಮ ಮಾಡಿಸಿದರು. ಬಾಂಬು ಅರ್ಧಕ್ಕೆ ಬಿಟ್ಟ ಕೆಲಸವನ್ನು ಸರ್ಕಾರವೇ ಪೂರೈಸಿತು. ಅಲುಗಾಡುವ ಕಲ್ಲು ಅಪಾಯ, ನಿಜ. ಸುತ್ತ ಬೇಲಿ ಹಾಕಿ, ಆಸರೆ ಕೊಟ್ಟು, ಕಾವಲಿಟ್ಟು ಕೆಲವು ದಿನ ಕಾಯಬಹುದಿತ್ತು. ಸಭೆ ಕರೆದು ಜನರ ಅಭಿಪ್ರಾಯ ಕೇಳಬಹುದಿತ್ತು. ಬೇಡವೆಂದು ಬಹುಮತ ಬಂದಿದ್ದರೆ ಲಾರಿಗೆ ಏರಿಸಿ ಕಳಿಸಬಹುದಿತ್ತು. ಇರಲಿ ಎಂದಿದ್ದರೆ, ಆ ಮುರುಕು ಚಪ್ಪಡಿಗಳ ಪಕ್ಕದಲ್ಲೇ ಅದೇ ಊರಿನ ಗ್ರಾನೈಟಿನಲ್ಲಿ ಇನ್ನೊಂದು ಕಲ್ಲು ನಿಲ್ಲಿಸಿ, ‘ಯೋಗ್ಯತೆ’ಯ ಹೆಸರಿನಲ್ಲಿ ಜಾರ್ಜಿಯಾ ತನ್ನ ಪ್ರಜೆಗಳ ಮೇಲೆ ನಡೆಸಿದ ಬಲಾತ್ಕಾರವನ್ನು ಅದೇ ಎಂಟು ಭಾಷೆಗಳಲ್ಲಿ ಕೆತ್ತಿಸಬಹುದಿತ್ತು.