ಪಂದ್ಯದ ಕಾರಿನ ಇಂಧನ ಸಂಧಿಗಳು

2020ನೆಯ ನವೆಂಬರ್ 29ರಂದು ಬಹರೇನಿನಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯದ ಮೊದಲ ಸುತ್ತಿನಲ್ಲೇ ರೊಮೆಯ್ನ್ ಗ್ರೋಜಾನ್ ಎಂಬ ಫ್ರೆಂಚ್ ಚಾಲಕನ ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ಉಕ್ಕಿನ ತಡೆಗೋಡೆಗೆ ಅಪ್ಪಳಿಸಿ ಎರಡು ತುಂಡಾಯಿತು. ಕ್ಷಣಮಾತ್ರದಲ್ಲಿ ಉರಿಯ ಮುದ್ದೆಯಾಯಿತು. ಚಾಲಕನು ಅರ್ಧ ನಿಮಿಷದೊಳಗೆ ಹೊರಬಂದು, ಕೈಗಳ ಸುಟ್ಟಗಾಯಗಳೊಡನೆ ಬದುಕಿ ಉಳಿದನು. ಇಂಧನದ ಚೀಲದಿಂದ ಎಂಜಿನ್ನಿಗೆ ಹೋಗುವ ನಾಳದ ಸಂಧಿ ಕಿತ್ತುಬಂದು, ಅಲ್ಲಿಂದಲೂ ಇಂಧನ ಹೊರಚೆಲ್ಲಿತೆಂದು ಮರುವರ್ಷದ ವಿಚಾರಣಾ ವರದಿ ತಿಳಿಸಿತು.

ಅಂಥ ಹೊಡೆತವನ್ನು ತಾಳುವ ಸಂಧಿ ಅಪರೂಪವೇ ಸರಿ. ಆದರೆ ಯಾವ ಅಪಘಾತವೂ ಇಲ್ಲದೆ, ನಮ್ಮ ಅಜ್ಞಾನದಿಂದಲೇ ಸೋರುವ ಸಂಧಿಗಳಿಗೆ ಕ್ಷಮೆಯಿಲ್ಲ. ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಿಗೆ ನಮ್ಮ ಕಾಲೇಜು ವಿದ್ಯಾರ್ಥಿಗಳು ತಾವೇ ಕಾರು ಕಟ್ಟುತ್ತಿರುವ ಈ ಕಾಲದಲ್ಲಿ, ಎಂಜಿನ್ನಿನ ಬಲಕ್ಕೆ ಸಲ್ಲುವ ಗಮನದ ಕಾಲುಭಾಗವಾದರೂ ಸಂಧಿಗಳಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಪೆಟ್ರೋಲಿನ ಸ್ವಭಾವವನ್ನು ನೆನೆಯಿರಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದರ ಆವಿಗೆ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ ಆ ಆವಿ ಕಾರಿನ ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಹಳೆಯ ಕಾರ್ಬ್ಯುರೇಟರಿನ ಕಾರುಗಳಲ್ಲಿ ನಾಳದ ಒತ್ತಡ ವಾಯುಭಾರದ ಮೂರನೆಯ ಒಂದು ಪಾಲಿನಷ್ಟಿದ್ದರೆ, ಇಂಧನವನ್ನು ಚಿಮ್ಮಿಸುವ ಇಂದಿನ ಎಂಜಿನ್ನುಗಳಲ್ಲಿ ಅದು ಸುಮಾರು ಮೂರು ಪಟ್ಟು ವಾಯುಭಾರ. ಅಲ್ಲಿ ತೊಟ್ಟಿಕ್ಕುತ್ತಿದ್ದ ದೋಷ ಇಲ್ಲಿ ತುಂತುರಾಗಿ ಚಿಮ್ಮುತ್ತದೆ. ಪಕ್ಕದಲ್ಲೇ ಕಾದ ಹೊಗೆನಳಿಗೆ!

ಇನ್ನು ಆಯ್ಕೆಯ ವಿಚಾರ. ಪಂದ್ಯದ ಕಾರುಗಳಲ್ಲಿ ಬಳಕೆಯಲ್ಲಿರುವ 'ಎ.ಎನ್.' ಸಂಧಿ ಅಮೆರಿಕದ ಭೂಸೇನೆ ಮತ್ತು ನೌಕಾಸೇನೆಗಳು ವಿಮಾನಗಳಿಗಾಗಿ ಒಪ್ಪಿದ ಅಳತೆಯದು. ಇದರ ಶಂಕುವಿನ ಕೋನ 37 ಡಿಗ್ರಿ. ಸಾಮಾನ್ಯ ಮೋಟಾರುಗಳಲ್ಲಿಯೂ ಶೀತಕ ಯಂತ್ರಗಳಲ್ಲಿಯೂ ಕಾಣುವ ಇನ್ನೊಂದು ಬಗೆಯದು 45 ಡಿಗ್ರಿ. ಅರ್ಧ ಅಂಗುಲದ ನಾಳದಲ್ಲಿ ಎರಡಕ್ಕೂ ತಿರುಪು ಒಂದೇ. ಆದುದರಿಂದ ಒಂದರ ನಟ್ಟು ಇನ್ನೊಂದಕ್ಕೆ ಸಲೀಸಾಗಿ ಕೂಡುತ್ತದೆ. ಆದರೆ ಕೋನ ಬೇರೆಯಾದ್ದರಿಂದ ಲೋಹಗಳು ಅಗಲವಾಗಿ ಒರಗದೆ, ಒಂದು ಗೆರೆಯಷ್ಟು ಮಾತ್ರ ತಾಗುತ್ತವೆ. ಇಂದು ಸೋರದಿದ್ದರೂ ಕಂಪನಕ್ಕೆ ನಾಳೆ ಸೋರುತ್ತದೆ.

ಆಗ ನಮ್ಮವರು ಮಾಡುವುದೇನು? ಇನ್ನಷ್ಟು ಬಿಗಿಯುತ್ತಾರೆ, ಇಲ್ಲವೆ ತಿರುಪಿಗೆ ಬಿಳಿಯ ಟೆಫ್ಲಾನ್ ಪಟ್ಟಿ ಸುತ್ತುತ್ತಾರೆ. ಎರಡೂ ತಪ್ಪು. ಈ ಸಂಧಿಯಲ್ಲಿ ಸೋರಿಕೆಯನ್ನು ತಡೆಯುವುದು ಶಂಕುವೇ ಹೊರತು ತಿರುಪಲ್ಲ; ತಿರುಪಿನ ಕೆಲಸ ಶಂಕುವನ್ನು ಒತ್ತಿಹಿಡಿಯುವುದಷ್ಟೆ. ಅತಿಯಾಗಿ ಬಿಗಿದರೆ ಅಲ್ಯುಮಿನಿಯಂ ಶಂಕು ಜಜ್ಜಿಹೋಗುತ್ತದೆ. ಪಟ್ಟಿಯ ಚೂರುಗಳು ಹರಿದುಹೋಗಿ ಇಂಧನ ಚಿಮ್ಮುವ ಸೂಕ್ಷ್ಮರಂಧ್ರಗಳನ್ನು ಕಟ್ಟುತ್ತವೆ.

ಕೊಳವೆಗೂ ಇದೇ ವಿವೇಕ ಬೇಕು. ಭಾರತದಲ್ಲಿ 2025ರ ವೇಳೆಗೆ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವುದು ರೂಢಿಗೆ ಬಂದಿತು. ಎಥನಾಲಿಗೆ ಕೆಲವು ಬಗೆಯ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಅದನ್ನು ತಾಳುವ ಕೊಳವೆಯನ್ನೇ ಕೇಳಿ ಕೊಳ್ಳಬೇಕು. ರಬ್ಬರು ಕೊಳವೆಗೆ ಹಾಕುವ ಹಿಡಿಪಟ್ಟಿ ಸುತ್ತಲೂ ಪೂರ್ತಿ ಅಪ್ಪಿಕೊಳ್ಳುವಂತಿರಬೇಕು, ನಟ್ಟುಬೋಲ್ಟಿನಿಂದ ಬಿಗಿಯುವಂತಿರಬೇಕು, ಅದರ ಅಂಚು ಮಡಿಸಿರಬೇಕು ಎಂದು ಫಾರ್ಮುಲಾ ಎಸ್‌ಎಇ ನಿಯಮಗಳು ವಿಧಿಸಿದ್ದವು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ, ಸೀಳುಗಳುಳ್ಳ ತಿರುಪುಪಟ್ಟಿ ರಬ್ಬರನ್ನು ಕೊಯ್ಯುತ್ತದೆ.

ಬಣ್ಣಬಣ್ಣದ ಹೊಳಪಿನ ಸಂಧಿಗಳು ಕಣ್ಣು ಸೆಳೆಯುವುದು ಸಹಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಒಂದು ಕಾರಿಗೆ ಒಂದೇ ಅಳತೆಯ ಪದ್ಧತಿ ಇರಲಿ. ನಾಳ, ನಟ್ಟು, ಶಂಕು ಮೂರೂ ಪರಸ್ಪರ ಒಪ್ಪುವಂಥವಾಗಿರಲಿ. ಅನಂತರ ಎಂಜಿನ್ ಚಾಲೂ ಮಾಡದೆ ಪಂಪನ್ನಷ್ಟೇ ನಡೆಸಿ, ಬೆಂಕಿ ನಂದಿಸುವ ಸಾಧನವನ್ನು ಕೈಗೆಟುಕುವಂತಿಟ್ಟುಕೊಂಡು, ಪ್ರತಿ ಸಂಧಿಯನ್ನೂ ಒಣ ಕಾಗದದಿಂದ ಒರೆಸಿ ನೋಡಿರಿ. ಎಂಜಿನ್ ಕಾದು ತಣಿದ ಬಳಿಕ ಮತ್ತೊಮ್ಮೆ ನೋಡಿರಿ. ಕಾಗದ ಒದ್ದೆಯಾದರೆ ಅಂದಿನ ಪಂದ್ಯವನ್ನು ಬಿಟ್ಟುಬಿಡಿ.

ಈ ಮಾತು ತರುಣರಿಗೆ ಕಹಿಯೆನಿಸಬಹುದು. ಆದರೆ ಕಾರಿನೊಳಗೆ ಕುಳಿತು ಓಡಿಸುವವನು ನಿಮ್ಮ ಗೆಳೆಯ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಏನು ಪ್ರಯೋಜನ?