ಹೊಳೆಗೂ ಬೇಕು ಬಿಡುವು

ಸಹ್ಯಾದ್ರಿಯ ಮೇಲೆ ಮುಂಗಾರು ಮಳೆ ಬಲವಾಗಿ ಸುರಿದಾಗ ಕೃಷ್ಣೆಯ ಬಣ್ಣವೇ ಬದಲಾಗುತ್ತದೆ. ರಬಕವಿ-ಬನಹಟ್ಟಿ ಹಾಗೂ ಜಮಖಂಡಿಯ ಸೀಮೆಯಲ್ಲಿ ಅವಳು ಕೆಂಪು ನೀರನ್ನು ಹೊತ್ತು ದಡ ತುಂಬಿ ಹರಿಯುತ್ತಾಳೆ. ಮುಧೋಳದ ಮಗ್ಗುಲಲ್ಲಿ ಹರಿದು ಬಂದ ಘಟಪ್ರಭೆಯು ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಅವಳನ್ನು ಕೂಡುತ್ತದೆ. ದಡದಲ್ಲಿ ನಿಂತ ರೈತನು ನೀರಿನ ಮಟ್ಟವನ್ನು ನೋಡುತ್ತಾನೆ. ನೀರಿನೊಳಗೆ ನಡೆದಿರುವ ಇನ್ನೊಂದು ಪಯಣವು ಅವನ ಕಣ್ಣಿಗೆ ಬೀಳುವುದಿಲ್ಲ. ಹೊಸ ನೀರು ಬಂದೊಡನೆ ಗೆಂಡೆಯ ಜಾತಿಯ ಅನೇಕ ಮೀನುಗಳು ಮೊಟ್ಟೆಯಿಡುವ ತಾವನ್ನರಸಿ ಪ್ರವಾಹಕ್ಕೆ ಎದುರಾಗಿ ಈಜತೊಡಗುತ್ತವೆ. ಈ ಕೆಲವು ವಾರಗಳಲ್ಲಿ ಬಲೆ ಬೀಸಿದವನು ಹಿಡಿಯುವುದು ಕೇವಲ ಇಂದಿನ ಮೀನನ್ನಲ್ಲ, ಬರುವ ವರ್ಷಗಳ ಹಿಂಡನ್ನು.

ಇಂಥದೇ ಪಯಣವನ್ನು ದೂರದ ಸ್ಕಾಟ್ಲೆಂಡಿನಲ್ಲಿ ಸಾಮನ್ ಮೀನು ಮಾಡುತ್ತದೆ. ಅದು ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಸಂತಾನಕ್ಕಾಗಿ ಮತ್ತೆ ಹುಟ್ಟಿದ ನದಿಗೆ ಮರಳುತ್ತದೆ. ಗರಿ ಮತ್ತು ದಾರಗಳಿಂದ ನೊಣದಂತೆ ಕಟ್ಟಿದ ಗಾಳವನ್ನು ಬೀಸಿ ಅದನ್ನು ಹಿಡಿಯುವುದು ಅಲ್ಲಿಯವರ ಹಳೆಯ ಹವ್ಯಾಸ. ಆದರೆ ಗಾಳ ಹಾಕುವ ಕಾಲವು ನಿಶ್ಚಿತವಾಗಿದೆ. ಉಳಿದ ತಿಂಗಳುಗಳಲ್ಲಿ ನದಿಗೆ ಬಿಡುವು. 2016ರಿಂದ ಪ್ರತಿಯೊಂದು ನದಿಯ ಮೀನಿನ ಸ್ಥಿತಿಯನ್ನು ಅಳೆದು, ಸಂತತಿ ಕ್ಷೀಣಿಸಿದಲ್ಲಿ ಹಿಡಿದ ಮೀನನ್ನು ಜೀವಂತವಾಗಿ ನೀರಿಗೇ ಬಿಡಬೇಕೆಂದು ಕಡ್ಡಾಯ ಮಾಡಲಾಗಿದೆ.

ಕರ್ನಾಟಕದಲ್ಲಿ ಗಾಳದ ಬೇಟೆಗೆ ಹೆಸರಾದುದು ಕಾವೇರಿಯ ಮಹಶೀರ್. 1946ರಲ್ಲಿ ಅವಳ ಉಪನದಿಯಾದ ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರ್ ಒಂದು ಗಾಳಕ್ಕೆ ಸಿಕ್ಕಿತ್ತು. ಅಂಥ ಡುಬ್ಬಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 1970ರ ದಶಕದಿಂದ ಕಾವೇರಿಗೆ ತಂದು ಬಿಟ್ಟ ಕೃಷ್ಣಾ ಕೊಳ್ಳದ ಇನ್ನೊಂದು ಮಹಶೀರ್ ಅಲ್ಲಿ ಹೆಚ್ಚಿಕೊಂಡುದೂ ಈ ಇಳಿತಕ್ಕೆ ಕಾರಣವೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಮರಿಗಳನ್ನು ತಂದು ಸುರಿದ ಮಾತ್ರಕ್ಕೆ ನದಿಯನ್ನು ಕಾಪಾಡಿದಂತಾಗುವುದಿಲ್ಲ. ಆಯಾ ನದಿಯ ಮೀನು ಅಲ್ಲಿಯೇ ಸಂತಾನವನ್ನು ಬೆಳೆಸಬೇಕು.

ಕೃಷ್ಣೆಯಲ್ಲಿ ಆ ದಾರಿ ಇಂದು ಸುಗಮವಾಗಿಲ್ಲ. ಹಿಪ್ಪರಗಿ ಮತ್ತು ಚಿಕ್ಕಪಡಸಲಗಿಗಳಲ್ಲಿ ಬ್ಯಾರೇಜುಗಳಿವೆ. ಆಲಮಟ್ಟಿಯ ಹಿನ್ನೀರು ಬೀಳಗಿಯ ಹೊಲಗಳವರೆಗೆ ಹಬ್ಬಿದೆ. ಇವು ಹೊಲಕ್ಕೂ ಮನೆಗೂ ನೀರು ಕೊಟ್ಟಿವೆ. ಇವು ಬೇಡವೆನ್ನುವುದು ವಿವೇಕವಲ್ಲ. ಆದರೆ ಮೇಲೇರಿ ಬಂದ ಮೀನು ಗೋಡೆಯ ಕೆಳಗೆ ತಡೆದು ಗುಂಪುಗೂಡಿದಾಗ ಅದನ್ನು ಬಾಚಿಕೊಳ್ಳುವುದು ಅತಿ ಸುಲಭ. ಸುಲಭವಾದುದೆಲ್ಲ ನ್ಯಾಯವಲ್ಲ. ಸಿಡಿಮದ್ದು ಹಾಗೂ ವಿಷದಿಂದ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ಅಪರಾಧವೆಂದು ಸಾರಿತು. ಮರಿಯನ್ನೂ ಬಿಡದ ಸಣ್ಣ ಕಣ್ಣಿನ ಬಲೆಯು ಮಾಡುವ ಹಾನಿಯೂ ಕಡಿಮೆಯದಲ್ಲ.

‘ಮಳೆಗಾಲದಲ್ಲಿ ಬಲೆಯನ್ನು ಮಡಿಸಿಟ್ಟರೆ ಒಲೆ ಹೊತ್ತುವುದು ಹೇಗೆ?’ ಎಂದು ಮೀನುಗಾರನು ಕೇಳಬಹುದು. ಈ ಪ್ರಶ್ನೆ ಸಹಜವಾದುದು. ಹವ್ಯಾಸಕ್ಕಾಗಿ ಗಾಳ ಹಿಡಿದವನಿಗೆ ಬಿಡುವು ಒಂದು ನಿಯಮ. ಹೊಟ್ಟೆಗಾಗಿ ಬಲೆ ಹಿಡಿದವನಿಗೆ ಅದು ಉಪವಾಸ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಬಿಡುವಿನ ತಿಂಗಳುಗಳಿಗಾಗಿ ಮೀನುಗಾರನು ಕೂಡಿಟ್ಟ ಹಣಕ್ಕೆ ಸರ್ಕಾರವು ತನ್ನ ಪಾಲನ್ನು ಸೇರಿಸಿ ಕೊಡುವ ಯೋಜನೆಯೂ ಇದೆ. ನದಿಯ ಮೀನುಗಾರನ ಮನೆಗೂ ಅಂಥ ಆಸರೆ ತಪ್ಪದೆ ತಲುಪಬೇಕು. ನದಿಯ ಫಲ ಎಲ್ಲರದಾಗಿರುವಾಗ ಅದನ್ನು ಕಾಯುವ ಭಾರವನ್ನು ಬಡವನೊಬ್ಬನ ಹೆಗಲಿಗೇ ಹೊರಿಸುವುದು ಸಲ್ಲದು.

ಕೃಷ್ಣಾತೀರದ ಜನಕ್ಕೆ ಕೂಡಿ ದುಡಿಯುವುದು ಹೊಸತಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಜಮಖಂಡಿ ಸೀಮೆಯ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜನ್ನು ಕಟ್ಟಿ ಮುಗಿಸಿದರು. ಹರಿದುಹೋಗುವ ನೀರನ್ನು ಹಿಡಿದು ನಿಲ್ಲಿಸುವುದಕ್ಕೆ ಅಂದು ಸಾವಿರಾರು ಕೈಗಳು ಒಂದಾದವು. ನೀರಿಗೆದುರಾಗಿ ಏರಿ ಬರುವ ಜೀವವನ್ನು ಉಳಿಸುವುದಕ್ಕೆ ಅಷ್ಟು ಶ್ರಮವೂ ಬೇಡ. ಮಳೆಗಾಲದ ಆ ಕೆಲವು ವಾರ ಅದೇ ಕೈಗಳು ಸುಮ್ಮನಿದ್ದರೆ ಸಾಕು.