ಸಕ್ಕರೆಯ ಪರೀಕ್ಷೆಯೂ ನಮ್ಮ ರೆಕಾರ್ಡು ಪುಸ್ತಕವೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ರಸಾಯನಶಾಸ್ತ್ರದ ವಿಷಯವಾಗಿ ಲೇಖನಿ ಹಿಡಿದನೆಂದರೆ ವಿಜ್ಞಾನ ಬಲ್ಲವರು ನಕ್ಕಾರು. ನನ್ನ ತರಗತಿಯ ಮಿತ್ರರು ಪುಟ ಮಗುಚಿಯಾರು. ಇಬ್ಬರೂ ಸ್ವಲ್ಪ ತಾಳಬೇಕು. ಇಲ್ಲಿಗೆ ಬಂದು ಚರಿತ್ರೆ, ಅರ್ಥಶಾಸ್ತ್ರಗಳನ್ನು ಹಿಡಿಯುವ ಮೊದಲು ಪಿ.ಯು.ಸಿ.ಯಲ್ಲಿ ಎರಡು ವರ್ಷ ನಾನೂ ಪ್ರಯೋಗಶಾಲೆಯಲ್ಲಿ ಪ್ರನಾಳ ತೊಳೆದವನೇ. ಅಲ್ಲಿ ಕಲಿತ ಸೂತ್ರಗಳಲ್ಲಿ ಬಹುಪಾಲು ಮರೆತುಹೋಗಿವೆ. ಅಲ್ಲಿ ಬರೆದ ಒಂದು ಸುಳ್ಳು ಮಾತ್ರ ಮರೆತಿಲ್ಲ. ಆ ಸುಳ್ಳಿನ ವಿಷಯವಾಗಿಯೇ ಈ ಲೇಖನ.

ಶರ್ಕರಪಿಷ್ಟಗಳನ್ನು ಗುರುತಿಸುವ ಪ್ರಯೋಗವು ನಮಗಿದ್ದ ಪ್ರಯೋಗಗಳಲ್ಲೆಲ್ಲ ಕಣ್ಣಿಗೆ ಚೆಂದವಾದದ್ದು. ದ್ರಾವಣಕ್ಕೆ ಆಲ್ಫಾ ನ್ಯಾಫ್ಥಾಲಿನ ಎರಡು ಹನಿ ಹಾಕಿ, ಪ್ರನಾಳವನ್ನು ಓರೆಯಾಗಿ ಹಿಡಿದು, ಅದರ ಒಳಮೈಗುಂಟ ತೀವ್ರ ಗಂಧಕಾಮ್ಲವನ್ನು ಮೆಲ್ಲಗೆ ಇಳಿಯಬಿಟ್ಟರೆ, ಎರಡು ದ್ರವಗಳು ಕೂಡುವೆಡೆಯಲ್ಲಿ ನೇರಳೆಯ ಉಂಗುರವೊಂದು ಮೂಡುತ್ತದೆ. ಇದು ಮೋಲಿಷ್ ಪರೀಕ್ಷೆ. (ಹಾನ್ಸ್ ಮೋಲಿಷ್ ಎಂಬ ಆಸ್ಟ್ರಿಯದ ಈ ಪಂಡಿತನು ಸಸ್ಯಶಾಸ್ತ್ರಜ್ಞ, 1928ರಲ್ಲಿ ಕಲ್ಕತ್ತೆಗೆ ಬಂದು ಜಗದೀಶಚಂದ್ರ ಬೋಸರ ಸಂಸ್ಥೆಯಲ್ಲಿ ಕೆಲವು ಕಾಲ ಕೆಲಸ ಮಾಡಿದವನು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.) ಅಕ್ಕಿಯ ಗಂಜಿಗೆ ಅಯೋಡಿನ್ ಹಾಕಿದರೆ ಕಡುನೀಲಿ, ಕಾಯಿಸಿದರೆ ಆ ನೀಲಿ ಮಾಯ, ಆರಿಸಿದರೆ ಮತ್ತೆ ಹಾಜರು. ನಾವು ಅದನ್ನು ಮೂರು ಮೂರು ಬಾರಿ ಕಾಯಿಸಿ ಆರಿಸಿ ಆಡಿದ್ದುಂಟು, ಬೈಸಿಕೊಂಡದ್ದೂ ಉಂಟು.

ಇವುಗಳಲ್ಲಿ ರಾಜನೆಂದರೆ ಬೆನೆಡಿಕ್ಟ್ ಪರೀಕ್ಷೆ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟನು 1909ರಲ್ಲಿ ಪ್ರಕಟಿಸಿದ ಈ ದ್ರಾವಣದಲ್ಲಿ ಇರುವುದು ಮೈಲುತುತ್ತ, ವಾಷಿಂಗ್ ಸೋಡ ಮತ್ತು ಸೋಡಿಯಂ ಸಿಟ್ರೇಟ್. ಬಣ್ಣ ತಿಳಿನೀಲಿ. ಗ್ಲೂಕೋಸಿನ ದ್ರಾವಣವನ್ನು ಇದಕ್ಕೆ ಬೆರೆಸಿ ಕುದಿನೀರಿನಲ್ಲಿಟ್ಟರೆ, ನೀಲಿ ತಾಮ್ರವು ಕೆಂಪು ಆಕ್ಸೈಡಾಗಿ ತಳ ಹಿಡಿಯುತ್ತದೆ. ಸಕ್ಕರೆಯಂಶ ಎಷ್ಟಿದೆ ಎಂಬುದರ ಮೇಲೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಆದರೆ ನಾವು ಕಾಫಿಗೆ ಹಾಕುವ ಸಕ್ಕರೆಯು ಈ ಪರೀಕ್ಷೆಗೆ ಜಗ್ಗುವುದಿಲ್ಲ. ಸುಕ್ರೋಸ್ ಎಂಬ ಅದರಲ್ಲಿ ಗ್ಲೂಕೋಸೂ ಫ್ರಕ್ಟೋಸೂ ಇವೆ, ನಿಜ. ಆದರೆ ತಾಮ್ರವನ್ನು ಕೆಣಕಬೇಕಾದ ಕೈಗಳಿಂದಲೇ ಅವು ಒಂದನ್ನೊಂದು ಹಿಡಿದುಕೊಂಡಿವೆ. ಹಾಗಾಗಿ ನೀಲಿಯು ನೀಲಿಯಾಗಿಯೇ ಉಳಿಯುತ್ತದೆ. ರೆಕಾರ್ಡಿನಲ್ಲಿ ಬರೆಯಬೇಕಾದ ಮಾತು: 'ಬದಲಾವಣೆ ಇಲ್ಲ.'

ಒಂದು ದಿನ ಪ್ರಯೋಗಶಾಲೆಯಲ್ಲಿ ಸುಕ್ರೋಸಿನ ಸೀಸೆ ಬರಿದಾಗಿತ್ತು. ಅಟೆಂಡರು ಎದುರಿನ ಅಂಗಡಿಗೆ ಹೋದವರು ಒಂದು ಉಂಡೆ ಬೆಲ್ಲ ತಂದರು. 'ಸಕ್ಕರೆಯಾದರೇನು, ಬೆಲ್ಲವಾದರೇನು, ಎರಡೂ ಕಬ್ಬಿನದೇ ಅಲ್ಲವೆ?' ಎಂದು ಯಾರೋ ಅಂದರು; ನಮಗೂ ಸರಿಯೆನಿಸಿತು. ಬೆಲ್ಲವನ್ನು ನೀರಿನಲ್ಲಿ ಕದಡಿ, ಸೋಸಿ, ತಿಳಿಯಾಗಿಸಿ ಪರೀಕ್ಷೆಗೆ ಇಟ್ಟೆವು. ಎರಡು ನಿಮಿಷವಾಗಿರಲಿಲ್ಲ, ನನ್ನ ಪ್ರನಾಳ ಕೆಂಪಾಯಿತು. ಪಕ್ಕದವನದೂ ಕೆಂಪಾಯಿತು. ನಮ್ಮ ತಂಡದ 20 ಜನರಲ್ಲಿ ಒಬ್ಬನ ಪ್ರನಾಳವೂ ನೀಲಿಯಾಗಿ ಉಳಿಯಲಿಲ್ಲ. ಅಧ್ಯಾಪಕರಿಗೆ ತೋರಿಸಿದರೆ, 'ಪ್ರನಾಳ ಸರಿಯಾಗಿ ತೊಳೆದಿಲ್ಲ, ಗ್ಲೂಕೋಸ್ ಅಂಟಿಕೊಂಡಿದೆ' ಎಂದರು. ನನ್ನ ಗೆಳೆಯನು ಮೂರು ಸಲ ತೊಳೆದು ಮತ್ತೆ ಮಾಡಿದ. ಮತ್ತೆ ಕೆಂಪು. ಅಷ್ಟು ಹೊತ್ತಿಗೆ ಗಂಟೆ ಬಾರಿಸಿತು. ಹಿಂದಿನ ವರ್ಷದವರ ರೆಕಾರ್ಡು ಬೆಂಚಿನಿಂದ ಬೆಂಚಿಗೆ ಸಾಗಿ ಬಂತು. ಕೆಂಪನ್ನು ಕಣ್ಣಾರೆ ಕಂಡ 20 ಜನವೂ ತಲೆ ತಗ್ಗಿಸಿ 'ಬದಲಾವಣೆ ಇಲ್ಲ' ಎಂದು ಬರೆದೆವು. ಮುಂದಿನ ವಾರ ಅದರ ಕೆಳಗೆ ಕೆಂಪು ಶಾಯಿಯ ರುಜುವೂ ಬಿತ್ತು.

ಇದರ ಒಳಗುಟ್ಟು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಮಂಡ್ಯದ ಕಡೆಯ ನಮ್ಮ ನೆಂಟರೂರಿನ ಆಲೆಮನೆಯಲ್ಲಿ. ಅಲ್ಲಿ ಕೊಪ್ಪರಿಗೆಯ ಮುಂದೆ ನಿಂತಿದ್ದ ಹಿರಿಯರೊಬ್ಬರು ಮಾತಿಗೆ ಮಾತು ಬಂದು ಹೇಳಿದರು: 'ಕಡ್ದ ಕಬ್ಬ ನಾಕ್ ದಿವ್ಸ ಬುಟ್ರೆ ಪಾಕ ನಿಲ್ಲಕ್ಕಿಲ್ಲ ಕಣಪ್ಪ, ಅಚ್ಚು ಕೂರಲ್ಲ, ಬೆಲ್ಲ ಜಿನುಗ್ತದೆ.' ಅವರು ಹೇಳಿದ್ದು ಅಪ್ಪಟ ರಸಾಯನಶಾಸ್ತ್ರ. ಕಡಿದಿಟ್ಟ ಕಬ್ಬಿನಲ್ಲಿ ಸುಕ್ರೋಸು ಒಡೆದು ಗ್ಲೂಕೋಸ್, ಫ್ರಕ್ಟೋಸುಗಳಾಗುತ್ತ ಹೋಗುತ್ತದೆ. ಕಬ್ಬಿನ ಹಾಲಿನ ಹುಳಿಯಂಶವೂ ಬೆಂಕಿಯ ಕಾವೂ ಸೇರಿ ಕೊಪ್ಪರಿಗೆಯಲ್ಲಿ ಇನ್ನಷ್ಟು ಒಡೆಯುತ್ತದೆ. ಹಾಲಿಗೆ ಸುಣ್ಣ ಹಾಕುವುದು ಆ ಹುಳಿಯನ್ನು ಮುರಿಯುವುದಕ್ಕೂ ಹೌದು. ಒಡೆದ ಸಕ್ಕರೆ ಹೆಚ್ಚಾದಷ್ಟೂ ಬೆಲ್ಲವು ಗಾಳಿಯ ತೇವವನ್ನು ಹೀರಿ ಅಂಟಂಟಾಗುತ್ತದೆ. ಎಷ್ಟೇ ಒಳ್ಳೆಯ ಬೆಲ್ಲವಾದರೂ ಇಂಥ ಒಡೆದ ಸಕ್ಕರೆ ಅದರಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ಗಿರಣಿಯ ಬಿಳಿ ಸಕ್ಕರೆಯಲ್ಲಿ ಅದನ್ನೆಲ್ಲ ಕಾಕಂಬಿಯ ಜೊತೆಗೆ ಬೇರ್ಪಡಿಸಿರುತ್ತಾರೆ. ಎಂದಮೇಲೆ ನಮ್ಮ ಪ್ರನಾಳಗಳು ಕೊಳಕಾಗಿರಲಿಲ್ಲ. ಅವು ನಿಜವನ್ನೇ ನುಡಿದಿದ್ದವು. ಆ ದಿನ ಯಾರಾದರೊಬ್ಬರು 'ಬೆಲ್ಲದಲ್ಲಿ ಬೇರೇನೋ ಇದೆ' ಎಂದು ಬರೆದಿದ್ದರೆ ಒಂದು ಒಳ್ಳೆಯ ಪಾಠ ನಡೆಯುತ್ತಿತ್ತು. ಅಂಥ ಪಾಠವು ವರ್ಷಕ್ಕೆ ಎಷ್ಟು ಬಾರಿ ತಾನಾಗಿ ಕಾಲೇಜಿನ ಬಾಗಿಲಿಗೆ ಬಂದೀತು?

ನಮ್ಮ ಅಜ್ಜಿಗೆ ಈ ಕಥೆ ಹೇಳಿದಾಗ ಅವರು ನಗಲಿಲ್ಲ. ತಾತನವರಿಗೆ ಸಕ್ಕರೆ ಕಾಯಿಲೆ ಇತ್ತು. ಆಗ ಬೆರಳ ತುದಿಯ ರಕ್ತದ ಹನಿಯನ್ನು ಪಟ್ಟಿಗೆ ಮುಟ್ಟಿಸಿ ಅಂಕಿ ನೋಡುವ ಯಂತ್ರಗಳು ಮನೆಮನೆಗೆ ಬಂದಿರಲಿಲ್ಲ. ಡಾಕ್ಟರು ಒಂದು ಸೀಸೆ ಬೆನೆಡಿಕ್ಟ್ ದ್ರಾವಣ ಕೊಟ್ಟು, 5 ಮಿಲಿಲೀಟರಿಗೆ 8 ಹನಿ ಮೂತ್ರ ಹಾಕಿ ಕಾಯಿಸಿ ನೋಡಬೇಕೆಂದು ಹೇಳಿಕೊಟ್ಟಿದ್ದರಂತೆ. ಅಜ್ಜಿ ಓದಿದ್ದು ನಾಲ್ಕನೆಯ ತರಗತಿ. ಬೆಳಿಗ್ಗೆ ಸೀಮೆಎಣ್ಣೆ ಸ್ಟೌವಿನ ಮೇಲೆ ಪ್ರನಾಳ ಕಾಯಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ 'ಹಸಿರು', 'ಹಳದಿ', 'ಇಟ್ಟಿಗೆ' ಎಂದು ಬರೆದಿಡುತ್ತಿದ್ದರು. ಹಬ್ಬದ ಮರುದಿನ ಇಟ್ಟಿಗೆ ಬಂದರೆ, ತಾತನವರು 'ಹಸಿರು ಅಂತ ಬರಿಯೇ, ಡಾಕ್ಟರು ಬೈತಾರೆ' ಎನ್ನುತ್ತಿದ್ದರಂತೆ. ಅಜ್ಜಿ ಇಟ್ಟಿಗೆಯೆಂದೇ ಬರೆದರು. ಏಕೆಂದರೆ ಆ ಕ್ಯಾಲೆಂಡರನ್ನು ನೋಡಿಯೇ ಡಾಕ್ಟರು ಔಷಧದ ಪ್ರಮಾಣವನ್ನು ಏರಿಸಿ ಇಳಿಸುತ್ತಿದ್ದದ್ದು. ಅದೇ ದ್ರಾವಣ, ಅದೇ ಬಣ್ಣ. ನಮ್ಮ ರೆಕಾರ್ಡನ್ನು ಕಾಲೇಜು ಬೈಂಡು ಹಾಕಿಸಿ ಮುದ್ರೆ ಒತ್ತಿತ್ತು; ನಂಬಬಹುದಾದದ್ದು ಮಾತ್ರ ಅಜ್ಜಿಯ ಕ್ಯಾಲೆಂಡರೇ.

ರೆಕಾರ್ಡಿನಲ್ಲಿ ಮೂರು ಅಂಕಣಗಳಿರುತ್ತವೆ: ಪ್ರಯೋಗ, ಅವಲೋಕನ, ಅನುಮಾನ. ತರ್ಕಶಾಸ್ತ್ರ ಓದಿದ ಮಿತ್ರರು ಬಲ್ಲರು, ಇಲ್ಲಿ ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು; ಹೊಗೆಯಿಂದ ಬೆಂಕಿಯನ್ನು ತಿಳಿದಂತೆ. ಆಡುಮಾತಿನಲ್ಲಿ ಅದೇ ಶಬ್ದಕ್ಕೆ ಸಂಶಯವೆಂದು ಅರ್ಥ. ನನಗಂತೂ ಪ್ರಯೋಗಶಾಲೆಗೆ ಎರಡೂ ಅರ್ಥಗಳು ಬೇಕೆನಿಸುತ್ತದೆ. ನಾವು ಮಾಡುವುದೇನು? ಮೂರನೆಯ ಅಂಕಣವನ್ನು ಮೊದಲು ತುಂಬಿ, ಅದಕ್ಕೆ ಒಪ್ಪುವಂತೆ ಎರಡನೆಯದನ್ನು ಬರೆಯುತ್ತೇವೆ. ಬೆಂಕಿಯಿದೆಯೆಂದು ಗೈಡು ಹೇಳಿದೆ, ಆದ್ದರಿಂದ ಹೊಗೆ ಕಂಡಿತು!

ಈ ಪರೀಕ್ಷೆಗಳಾದರೂ ಕಣ್ಣು ಮುಚ್ಚಿಕೊಂಡು ನಂಬತಕ್ಕವಲ್ಲ. ಬಾರ್ಫೋಡ್ ಪರೀಕ್ಷೆಯಲ್ಲಿ ಗ್ಲೂಕೋಸಿನಂಥವು ಬೇಗ ಕೆಂಪು ಕೊಡುತ್ತವೆ, ಮಾಲ್ಟೋಸ್ ಲ್ಯಾಕ್ಟೋಸುಗಳು ಕೊಡವು ಎಂದು ಉರು ಹೊಡೆಯುತ್ತೇವೆ. ಮಾತಿಗೆ ಕೂತು ಪ್ರನಾಳವನ್ನು ಬಹಳ ಹೊತ್ತು ಕುದಿಯಬಿಟ್ಟರೆ ಅವೂ ಕೊಡುತ್ತವೆ. ಸೆಲಿವನಾಫ್ ಪರೀಕ್ಷೆಯ ಕೆಂಪಿನ ಪಾಡೂ ಅಷ್ಟೆ. ಸೋಸುಕಾಗದದ ಒಂದು ಎಳೆ ಬಿದ್ದಿದ್ದರೂ ಮೋಲಿಷನ ನೇರಳೆ ಉಂಗುರ ಮೂಡೀತು, ಕಾಗದವೂ ಶರ್ಕರಪಿಷ್ಟವೇ ಆದ್ದರಿಂದ. ಆದಕಾರಣ 'ತಪ್ಪು' ಬಣ್ಣ ಬಂದಾಗ ಏನಾಯಿತೆಂದು ಹುಡುಕುವುದೇ ನಿಜವಾದ ಕೆಲಸ. ಸರಿಯಾದ ಬಣ್ಣ ಬಂದಾಗ ಕಲಿಯುವುದು ಅಷ್ಟರಲ್ಲೇ ಇದೆ.

ಅಧ್ಯಾಪಕರ ಕಷ್ಟವನ್ನು ನಾನು ಅರಿಯದವನಲ್ಲ. ಎರಡು ಗಂಟೆಯ ಅವಧಿ, ತುಂಬಿದ ಬೆಂಚುಗಳು, ಹನಿ ಲೆಕ್ಕದಲ್ಲಿ ಬಳಸಬೇಕಾದ ದ್ರಾವಣಗಳು, ಮುಗಿಸಲೇಬೇಕಾದ ಪಾಠಪಟ್ಟಿ. ಒಬ್ಬೊಬ್ಬನ ಕೆಂಪಿಗೂ ಕಾರಣ ಹುಡುಕುತ್ತ ಕೂತರೆ ವರ್ಷ ಸಾಲದು. 'ಹುಡುಗರು ಸೋಮಾರಿಗಳು, ಕಂಡದ್ದನ್ನು ಬರೆಯಿರಿ ಎಂದರೆ ಪ್ರಯೋಗವನ್ನೇ ಮಾಡದೆ ಮನಸ್ಸಿಗೆ ಬಂದದ್ದನ್ನು ಬರೆದಾರು' ಎಂಬ ಆಕ್ಷೇಪವೂ ಇದೆ, ಅದರಲ್ಲಿ ಸತ್ಯವೂ ಇದೆ. ಆದರೆ ಈಗಿನ ಏರ್ಪಾಡಿನಲ್ಲಿ ಸೋಮಾರಿಗೂ ಶ್ರಮಪಟ್ಟವನಿಗೂ ಒಂದೇ ಅಂಕ; ಕಂಡದ್ದನ್ನು ಕಂಡಂತೆ ಬರೆದವನಿಗೆ ಮಾತ್ರ ಕಡಿಮೆ. ಇದನ್ನು ತಿದ್ದಲು ಹಣ ಬೇಕಿಲ್ಲ. ವರ್ಷಕ್ಕೆ ಒಂದು ದಿನವಾದರೂ ಉತ್ತರ ಮೊದಲೇ ತಿಳಿಯದ ವಸ್ತುಗಳನ್ನು ಕೊಡಲಿ: ಜೇನುತುಪ್ಪ, ರಾಗಿ ಅಂಬಲಿ, ಹಾಲು, ಒಂದು ಕಾಯಿ ಬಾಳೆ, ಒಂದು ಹಣ್ಣು ಬಾಳೆ. ಬಾಳೆ ಹಣ್ಣಾಗುತ್ತ ಅಯೋಡಿನ್ನಿನ ನೀಲಿ ಕುಂದಿ ಬೆನೆಡಿಕ್ಟಿನ ಕೆಂಪು ಏರುವುದನ್ನು ನೋಡಿದವನು ಅದನ್ನು ಮರೆಯಲಾರ. ಆ ದಿನದ ಅಂಕಗಳು ಉತ್ತರಕ್ಕಲ್ಲ, ಅವಲೋಕನಕ್ಕೆ ಮತ್ತು ಅದರಿಂದ ಮಾಡಿದ ತರ್ಕಕ್ಕೆ ಇರಲಿ.

ಈ ವರ್ಷ ನನ್ನ ತಂಗಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ್ದಾಳೆ. ಮೊನ್ನೆ ಬಂದು ನನ್ನ ಹಳೆಯ ರೆಕಾರ್ಡನ್ನು ಕೇಳಿದಳು. ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಆ ಪುಟ ತೆಗೆದು, 'ಬದಲಾವಣೆ ಇಲ್ಲ' ಎಂಬುದರ ಪಕ್ಕದಲ್ಲಿ ಪೆನ್ಸಿಲಿನಿಂದ 'ಇಟ್ಟಿಗೆಯ ಕೆಂಪು. ಮಾದರಿ: ಅಂಗಡಿಯ ಬೆಲ್ಲ' ಎಂದು ಬರೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಓದಿ, ಕೆಳಗಿನ ಕೆಂಪು ರುಜುವನ್ನೂ ನೋಡಿ, 'ಅಣ್ಣಾ, ಹೀಗೆ ಬರೆದರೆ ಮಾರ್ಕ್ಸು ಹೋಗುವುದಿಲ್ಲವೆ?' ಎಂದು ಕೇಳಿದಳು. ನಾನು ಸುಮ್ಮನಾದೆ. ಅವಳಿಗೆ ಉತ್ತರ ಹೇಳಬೇಕಾದವರು ಅಧ್ಯಾಪಕ ಮಹನೀಯರು.